ರ‍್ಯಾಂಚ್ ಹಿನ್ನೆಲೆಯ ಕ್ರೈಸ್ತ ಪ್ರಣಯ ಕಾದಂಬರಿ

ರ‍್ಯಾಂಚ್ ಹಿನ್ನೆಲೆಯ ಕ್ರೈಸ್ತ ಪ್ರಣಯ ಕಾದಂಬರಿಯು ಉತ್ತರ ಅಮೆರಿಕದ ಇಂಗ್ಲಿಷ್ ಜನಪ್ರಿಯ ಸಾಹಿತ್ಯದ ಒಂದು ಪ್ರಭೇದವಾಗಿದೆ. ಅಮೆರಿಕ ಸಂಯುಕ್ತ ಸಂಸ್ಥಾನದ ಪಶ್ಚಿಮ ರಾಜ್ಯಗಳಲ್ಲಿ ಅಥವಾ ಕೆನಡಾದ ಆಲ್ಬರ್ಟಾ ಪ್ರಾಂತ್ಯದಲ್ಲಿ ಕುದುರೆ ಮತ್ತು ದನಗಳನ್ನು ಸಾಕುವ ವಿಶಾಲವಾದ ಜಮೀನು ಇದರ ಕಥಾಭೂಮಿ. ಇದರಲ್ಲಿ ಎರಡು ಕಥೆಗಳು ಜೊತೆಜೊತೆಯಾಗಿ ಸಾಗುತ್ತವೆ. ಒಂದು, ಗಂಡು ಹೆಣ್ಣಿನ ನಡುವೆ ಪ್ರೀತಿ ಹುಟ್ಟಿ ಬೆಳೆಯುವ ಕಥೆ. ಇನ್ನೊಂದು, ಅವರಿಬ್ಬರಲ್ಲಿ ಒಬ್ಬರಾದರೂ ಕಳೆದುಕೊಂಡಿದ್ದ ದೈವಶ್ರದ್ಧೆಯನ್ನು ಮರಳಿ ಪಡೆಯುವ ಕಥೆ. ಈ ಎರಡರ ನಡುವಿನ ಕೊಂಡಿಯಾಗಿ ಬಹುತೇಕ ಒಂದು ಕುದುರೆ ಇರುತ್ತದೆ.

ಈ ಪ್ರಭೇದವು ಮೂಲತಃ ಒಂದಕ್ಕೊಂದು ವಿರುದ್ಧವಾಗಿದ್ದ ಎರಡು ಸಾಹಿತ್ಯ ಪರಂಪರೆಗಳ ಕೂಡಿಕೆಯಿಂದ ರೂಪುಗೊಂಡಿದೆ. ಧಾರ್ಮಿಕ ಶ್ರದ್ಧೆಯನ್ನು ಕೇಂದ್ರವಾಗಿಟ್ಟುಕೊಂಡ ಗೃಹಜೀವನದ ಕಾದಂಬರಿ ಒಂದು ಪರಂಪರೆಯಾದರೆ, ಆ ಶ್ರದ್ಧೆಯನ್ನು ಅನುಮಾನದಿಂದ ಕಂಡ ಕೌಬಾಯ್ ಕಥೆ ಇನ್ನೊಂದು.

ಹೆಸರು ಮತ್ತು ವ್ಯಾಪ್ತಿ

'ರ‍್ಯಾಂಚ್' ಎಂಬ ಪದವು ಸ್ಪ್ಯಾನಿಷ್ ಭಾಷೆಯ 'ರಾಂಚೊ' ಎಂಬುದರಿಂದ ಇಂಗ್ಲಿಷಿಗೆ ಬಂದಿದೆ. ಬೆಳೆ ತೆಗೆಯುವ ಹೊಲಕ್ಕಿಂತ ಭಿನ್ನವಾಗಿ, ಜಾನುವಾರುಗಳನ್ನು ಮೇಯಿಸಿ ಬೆಳೆಸುವ ವಿಸ್ತಾರವಾದ ಹುಲ್ಲುಗಾವಲನ್ನು ಹಾಗೂ ಅದರ ಮನೆ, ಲಾಯ, ಬೇಲಿಗಳನ್ನು ಒಟ್ಟಾಗಿ ರ‍್ಯಾಂಚ್ ಎನ್ನಲಾಗುತ್ತದೆ. ದನಗಳ ರ‍್ಯಾಂಚಿನಲ್ಲಿ ಕುದುರೆ ಕೆಲಸದ ಸಂಗಾತಿ. ಕುದುರೆ ರ‍್ಯಾಂಚಿನಲ್ಲಿ ಅದನ್ನು ಬೆಳೆಸುವುದು, ಪಳಗಿಸುವುದು ಮತ್ತು ಮಾರುವುದೇ ಜೀವನೋಪಾಯ. ಹಣ ಪಡೆದು ಪ್ರವಾಸಿಗರನ್ನು ಇರಿಸಿಕೊಳ್ಳುವ ಅತಿಥಿ ರ‍್ಯಾಂಚ್‌ಗಳೂ, ಅಂಗವೈಕಲ್ಯ ಅಥವಾ ಮಾನಸಿಕ ಆಘಾತಕ್ಕೆ ಒಳಗಾದವರಿಗೆ ಕುದುರೆ ಸವಾರಿಯ ಮೂಲಕ ನೆರವಾಗುವ ಕೇಂದ್ರಗಳೂ ಇವೆ. ಸಮಕಾಲೀನ ಕಾದಂಬರಿಗಳಲ್ಲಿ ಈ ಎಲ್ಲ ಬಗೆಯ ನೆಲೆಗಳೂ ಕಾಣಸಿಗುತ್ತವೆ.

ಪ್ರಕಾಶನ ವಲಯದಲ್ಲಿ ಇಂತಹ ಕೃತಿಗಳನ್ನು 'ಇನ್‌ಸ್ಪಿರೇಶನಲ್ ರೊಮ್ಯಾನ್ಸ್', ಅಂದರೆ ಸ್ಫೂರ್ತಿದಾಯಕ ಪ್ರಣಯ ಕಾದಂಬರಿ, ಎಂಬ ವಿಶಾಲ ವರ್ಗದಲ್ಲಿ ಸೇರಿಸಲಾಗುತ್ತದೆ. ಇದರ ಲೇಖಕರಲ್ಲಿ ಹಾಗೂ ಓದುಗರಲ್ಲಿ ಇವ್ಯಾಂಜೆಲಿಕಲ್ ಪ್ರೊಟೆಸ್ಟೆಂಟ್ ಪಂಥದ ಮಹಿಳೆಯರ ಸಂಖ್ಯೆ ಹೆಚ್ಚು.

ಇತಿಹಾಸ

ಎರಡು ಪರಂಪರೆಗಳು

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಅಮೆರಿಕದ ಜನಪ್ರಿಯ ಕಾದಂಬರಿಯಲ್ಲಿ ಮಹಿಳೆಯರು ಬರೆದ ಧಾರ್ಮಿಕ ಕಥೆಗಳಿಗೆ ಪ್ರಮುಖ ಸ್ಥಾನವಿತ್ತು. ಸೂಸನ್ ವಾರ್ನರ್ ಅವರ 'ದಿ ವೈಡ್, ವೈಡ್ ವರ್ಲ್ಡ್' (1850) ಇದಕ್ಕೆ ಪ್ರಸಿದ್ಧ ಉದಾಹರಣೆ. ಮನೆ, ಪ್ರಾರ್ಥನೆ, ಕಣ್ಣೀರು, ತಾಳ್ಮೆ ಇವು ಆ ಕಥೆಗಳ ಲೋಕ. ಅನಂತರ ಬಂದ ಕೌಬಾಯ್ ಕಾದಂಬರಿಯು ಈ ಲೋಕಕ್ಕೆ ಬೆನ್ನು ತಿರುಗಿಸಿತು. ಅದರ ನಾಯಕ ಮನೆಯ ಹೊರಗೆ, ಬಯಲಿನಲ್ಲಿ ಬದುಕುವವನು, ಮಾತನ್ನು ನಂಬದವನು, ಬಂದೂಕಿನಿಂದ ನ್ಯಾಯ ನಿರ್ಣಯಿಸುವವನು. ಓವೆನ್ ವಿಸ್ಟರ್ ಅವರ 'ದಿ ವರ್ಜೀನಿಯನ್' (1902) ಈ ಮಾದರಿಯನ್ನು ಗಟ್ಟಿಗೊಳಿಸಿತು. ವಯೋಮಿಂಗ್‌ನ ಕೌಬಾಯ್ ಮತ್ತು ಪೂರ್ವ ರಾಜ್ಯದಿಂದ ಬಂದ ಶಾಲಾ ಶಿಕ್ಷಕಿಯ ಪ್ರೇಮಕಥೆಯಾದ ಇದರಲ್ಲಿ, ನಾಯಕನು ತನ್ನ ಆತ್ಮದ ಕುರಿತು ಕಳವಳಗೊಂಡವನಂತೆ ನಟಿಸಿ ಒಬ್ಬ ಉಪದೇಶಕನನ್ನು ರಾತ್ರಿಯಿಡೀ ನಿದ್ದೆಗೆಡಿಸುವ ಹಾಸ್ಯ ಪ್ರಸಂಗವಿದೆ.

ವಿಮರ್ಶಕಿ ಜೇನ್ ಟಾಂಪ್ಕಿನ್ಸ್ ತಮ್ಮ 'ವೆಸ್ಟ್ ಆಫ್ ಎವ್ರಿಥಿಂಗ್' (1992) ಗ್ರಂಥದಲ್ಲಿ, ಕೌಬಾಯ್ ಕಥೆಯು ಮಹಿಳೆಯರ ಈ ಧಾರ್ಮಿಕ ಸಂಸ್ಕೃತಿಗೆ ಪ್ರತಿಕ್ರಿಯೆಯಾಗಿ ಹುಟ್ಟಿತೆಂದು ವಾದಿಸಿದ್ದಾರೆ. ಈ ವಾದವನ್ನು ಒಪ್ಪಿದರೆ, ರ‍್ಯಾಂಚ್ ಹಿನ್ನೆಲೆಯ ಕ್ರೈಸ್ತ ಪ್ರಣಯ ಕಾದಂಬರಿಯನ್ನು ಆ ಪ್ರತಿಕ್ರಿಯೆಗೆ ಮಹಿಳೆಯರು ಕೊಟ್ಟ ಮರುತ್ತರವೆಂದು ಪರಿಗಣಿಸಬಹುದು. ಇಲ್ಲಿ ಕೌಬಾಯ್ ತನ್ನ ಕುದುರೆ, ಟೋಪಿ, ಮೌನಗಳೊಡನೆಯೇ ಬರುತ್ತಾನೆ. ಆದರೆ ಕಥೆ ಮುಗಿಯುವ ಮುನ್ನ ಅವನು ಬಾಯಿಬಿಟ್ಟು ತಪ್ಪೊಪ್ಪಿಕೊಳ್ಳಬೇಕು, ಪ್ರಾರ್ಥಿಸಬೇಕು.

ಆರಂಭಿಕ ಕೃತಿಗಳು

ಕೆನಡಾದ ಪ್ರೆಸ್ಬಿಟೇರಿಯನ್ ಪಾದ್ರಿ ಚಾರ್ಲ್ಸ್ ವಿಲಿಯಂ ಗಾರ್ಡನ್ (1860–1937) ಅವರು 'ರಾಲ್ಫ್ ಕಾನರ್' ಎಂಬ ಕಾವ್ಯನಾಮದಲ್ಲಿ ಬರೆದ 'ದಿ ಸ್ಕೈ ಪೈಲಟ್' (1899) ಈ ಪ್ರಭೇದದ ಪೂರ್ವಸೂಚನೆ ಎನ್ನಬಹುದಾದ ಕೃತಿ. ಆಲ್ಬರ್ಟಾದ ಬೆಟ್ಟದ ತಪ್ಪಲಿನಲ್ಲಿರುವ ರ‍್ಯಾಂಚ್‌ಗಳ ನಡುವೆ ಧರ್ಮಪ್ರಚಾರಕ್ಕೆ ಬರುವ ಯುವ ಪಾದ್ರಿಯೊಬ್ಬನ ಕಥೆ ಇದು. ಕುದುರೆಯ ಬೆನ್ನ ಮೇಲೆ ಸ್ವಚ್ಛಂದವಾಗಿ ಬೆಳೆದ ಗ್ವೆನ್ ಎಂಬ ಹುಡುಗಿ ಅಪಘಾತದಿಂದ ಹಾಸಿಗೆ ಹಿಡಿದು, ದೇವರ ಮೇಲೆ ಕೋಪಗೊಂಡು, ಕೊನೆಗೆ ಸಮಾಧಾನ ಕಾಣುವ ಭಾಗ ಇದರಲ್ಲಿ ಮುಖ್ಯವಾದುದು. ಇದು ಪ್ರಣಯ ಕಾದಂಬರಿಯಲ್ಲವಾದರೂ, ಕುದುರೆಯಿಂದ ಬಿದ್ದ ಗಾಯ ಮತ್ತು ಮನಸ್ಸಿನ ಗಾಯ ಎರಡನ್ನೂ ಜೋಡಿಸುವ ಕಥನಕ್ರಮ ಇಲ್ಲಿಯೇ ಕಂಡುಬರುತ್ತದೆ.

ಗ್ರೇಸ್ ಲಿವಿಂಗ್‌ಸ್ಟನ್ ಹಿಲ್ (1865–1947) ನೂರಕ್ಕೂ ಹೆಚ್ಚು ಕೃತಿಗಳನ್ನು ರಚಿಸಿ ಕ್ರೈಸ್ತ ಪ್ರಣಯ ಕಾದಂಬರಿಗೆ ಸ್ಥಿರವಾದ ರೂಪವನ್ನು ಕೊಟ್ಟರು. ಅವರ 'ದಿ ಗರ್ಲ್ ಫ್ರಂ ಮೊಂಟಾನಾ' (1908) ಕಾದಂಬರಿಯಲ್ಲಿ ಎಲ್ಲರನ್ನೂ ಕಳೆದುಕೊಂಡ ಎಲಿಜಬೆತ್ ಎಂಬ ತರುಣಿ ಪ್ರಾಣಭಯದಿಂದ ಕುದುರೆಯೇರಿ ಮೊಂಟಾನಾದಿಂದ ಪೂರ್ವದ ಕಡೆಗೆ ಹೊರಡುತ್ತಾಳೆ. ದಾರಿಯಲ್ಲಿ ಪ್ರೀತಿಯೂ ಅನಂತರ ದೈವಶ್ರದ್ಧೆಯೂ ಅವಳಿಗೆ ಎದುರಾಗುತ್ತವೆ.

ಜ್ಯಾನೆಟ್ ಓಕ್ ಮತ್ತು ಅನಂತರ

ಆಧುನಿಕ ಘಟ್ಟವು 1979ರಲ್ಲಿ ಬೆಥನಿ ಹೌಸ್ ಪ್ರಕಟಿಸಿದ ಜ್ಯಾನೆಟ್ ಓಕ್ ಅವರ 'ಲವ್ ಕಮ್ಸ್ ಸಾಫ್ಟ್‌ಲಿ' ಕಾದಂಬರಿಯಿಂದ ಆರಂಭವಾಯಿತೆಂದು ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. 1935ರಲ್ಲಿ ಆಲ್ಬರ್ಟಾದಲ್ಲಿ ಜನಿಸಿದ ಓಕ್, ಪಶ್ಚಿಮಕ್ಕೆ ವಲಸೆ ಹೊರಟ ದಾರಿಯಲ್ಲೇ ಗಂಡನನ್ನು ಕಳೆದುಕೊಂಡ ಮಾರ್ಟಿ ಹಾಗೂ ಪುಟ್ಟ ಮಗಳಿರುವ ವಿಧುರ ಕ್ಲಾರ್ಕ್ ಅವರ ಕಥೆಯನ್ನು ಹೇಳಿದರು. ಆಸರೆಗಾಗಿ ಮಾತ್ರ ಮಾಡಿಕೊಂಡ ಮದುವೆ ಇಲ್ಲಿ ನಿಧಾನವಾಗಿ ಪ್ರೀತಿಯಾಗಿ ಮಾರ್ಪಡುತ್ತದೆ. ಇದೇ ಸರಣಿಯ 'ಲವ್ಸ್ ಲಾಂಗ್ ಜರ್ನಿ' (1982) ಕಾದಂಬರಿಯಲ್ಲಿ ಕ್ಲಾರ್ಕ್‌ನ ಮಗಳು ಮಿಸ್ಸಿ ತನ್ನ ಗಂಡನೊಡನೆ ರ‍್ಯಾಂಚ್ ಕಟ್ಟಲು ಪಶ್ಚಿಮಕ್ಕೆ ತೆರಳುತ್ತಾಳೆ. ಸರಣಿಯ ಮಾರಾಟದಲ್ಲಿ ಕಂಡ ಯಶಸ್ಸು ಕ್ರೈಸ್ತ ಪ್ರಕಾಶಕರನ್ನು ಪ್ರಣಯ ಕಾದಂಬರಿಗಳತ್ತ ಸೆಳೆಯಿತು.

ಓಕ್ ಅವರ ಕಥೆಗಳು ವಲಸೆಯ ಕಾಲಕ್ಕೆ ಸೇರಿದವು. 1990ರ ದಶಕದ ಅನಂತರ ವರ್ತಮಾನ ಕಾಲದ ರ‍್ಯಾಂಚನ್ನು ಚಿತ್ರಿಸುವ ಕಾದಂಬರಿಗಳು ಹೆಚ್ಚಾದವು. ಇವುಗಳಲ್ಲಿ ಕಾಡುಮೃಗ, ಹಿಮಪಾತಗಳ ಸ್ಥಾನವನ್ನು ಬ್ಯಾಂಕ್ ಸಾಲ, ವಿಚ್ಛೇದನ, ಯುದ್ಧದಿಂದ ಮರಳಿದ ಸೈನಿಕನ ಮಾನಸಿಕ ಆಘಾತ, ಜಮೀನು ಮಾರಿಬಿಡಬೇಕೆಂಬ ಒತ್ತಡ ಮುಂತಾದವು ಆಕ್ರಮಿಸಿದವು.

ಕಥಾಸಂವಿಧಾನ

ಈ ಪ್ರಭೇದದ ಕಥೆಗಳು ಪರಿಚಿತ ಚೌಕಟ್ಟಿನಲ್ಲಿ ಸಾಗುತ್ತವೆ. ಸಾಮಾನ್ಯವಾಗಿ ಕಂಡುಬರುವ ಸನ್ನಿವೇಶಗಳು ಹೀಗಿವೆ:

ಮರಳುವಿಕೆ: ನಗರದಲ್ಲಿ ನೆಲೆಸಿದ ನಾಯಕಿ ಅಥವಾ ನಾಯಕ, ತಂದೆಯ ಅಥವಾ ಅಜ್ಜನ ಮರಣದ ನಂತರ ರ‍್ಯಾಂಚಿಗೆ ಹಿಂದಿರುಗುವುದು. ಲೂಕನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಬರುವ, ತಂದೆಯ ಮನೆಗೆ ಮರಳುವ ಮಗನ ಸಾಮ್ಯವು ಇದಕ್ಕೆ ಹಿನ್ನೆಲೆ.

ಒಂಟಿ ತಂದೆ: ಹೆಂಡತಿಯನ್ನು ಕಳೆದುಕೊಂಡು ಮಗುವಿನೊಡನೆ ಬದುಕುವ ಕೌಬಾಯ್, ಮಗುವಿನ ಆರೈಕೆಗಾಗಿ ಬರುವ ನಾಯಕಿ.

ಪಳಗದ ಕುದುರೆ: ಹಿಂಸೆಗೆ ಒಳಗಾಗಿ ಮನುಷ್ಯರನ್ನು ಹತ್ತಿರ ಸೇರಿಸದ ಕುದುರೆ, ಅದರ ಮೇಲೆ ಯಾರೂ ನಂಬಿಕೆ ಇಡದಿರುವಾಗ ನಾಯಕನೋ ನಾಯಕಿಯೋ ಅದನ್ನು ತಾಳ್ಮೆಯಿಂದ ಗೆಲ್ಲುವುದು.

ಬಚ್ಚಿಟ್ಟ ಸತ್ಯ: ಇಬ್ಬರಲ್ಲಿ ಒಬ್ಬರು ಹಿಂದಿನ ತಪ್ಪನ್ನು ಅಥವಾ ನಿಜವಾದ ಗುರುತನ್ನು ಮುಚ್ಚಿಟ್ಟಿರುವುದು, ಅದು ಬಯಲಾದಾಗ ಕ್ಷಮೆಯ ಪ್ರಶ್ನೆ ಏಳುವುದು.

ಮದುವೆಗೆ ಮುನ್ನ ದೈಹಿಕ ಸಂಬಂಧದ ವಿವರಣೆ, ಅಶ್ಲೀಲ ಮಾತು, ಬೈಗುಳಗಳನ್ನು ಈ ಕೃತಿಗಳಲ್ಲಿ ಬಳಸುವುದಿಲ್ಲ. ಇನ್ನೊಂದು ಮುಖ್ಯ ನಿಯಮವು ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಿಂದ (6:14) ಬಂದಿದೆ. ವಿಶ್ವಾಸಿಗಳು ಅವಿಶ್ವಾಸಿಗಳೊಡನೆ ಜೋಡಿಯಾಗಬಾರದೆಂಬ ಎಚ್ಚರಿಕೆಯನ್ನು ಅಲ್ಲಿ ನೊಗದ ರೂಪಕದಲ್ಲಿ ಹೇಳಲಾಗಿದೆ. ಆದುದರಿಂದ ಇಬ್ಬರ ಶ್ರದ್ಧೆಯೂ ಒಂದೇ ಆಗುವವರೆಗೆ ಕಥೆಯಲ್ಲಿ ಮದುವೆ ನಡೆಯುವಂತಿಲ್ಲ. ಸಾಮಾನ್ಯ ಪ್ರಣಯ ಕಾದಂಬರಿಯಲ್ಲಿ ಅಂತಸ್ತು, ಕುಟುಂಬದ ವೈರ, ತಪ್ಪು ತಿಳಿವಳಿಕೆಗಳು ಒಡ್ಡುವ ಅಡ್ಡಿಯನ್ನು ಇಲ್ಲಿ ಈ ನಿಯಮವೇ ಒಡ್ಡುತ್ತದೆ.

ಇದರಿಂದ ಲೇಖಕರಿಗೆ ಒಂದು ಕಠಿಣ ಸಮಸ್ಯೆ ಎದುರಾಗುತ್ತದೆ. ಪ್ರೇಯಸಿಯನ್ನು ಪಡೆಯಲೆಂದೇ ನಾಯಕನು ದೇವರನ್ನು ಒಪ್ಪಿಕೊಂಡರೆ ಅದು ಶ್ರದ್ಧೆಯಲ್ಲ, ವ್ಯವಹಾರ. ಆದುದರಿಂದ ಹಲವು ಕಾದಂಬರಿಗಳಲ್ಲಿ ನಾಯಕನ ಪರಿವರ್ತನೆಯು ನಾಯಕಿ ದೂರವಾದ ಮೇಲೆ, ಅವಳು ಮರಳುವ ಭರವಸೆ ಇಲ್ಲದಿರುವಾಗ, ಒಬ್ಬಂಟಿತನದಲ್ಲಿ ನಡೆಯುತ್ತದೆ. ಆ ಗಳಿಗೆಯಲ್ಲಿ ಅವನ ಬಳಿ ಇರುವ ಏಕೈಕ ಜೀವಿ ಕುದುರೆ.

ಕುದುರೆಯ ಪಾತ್ರ

ಪಳಗಿಸುವ ಎರಡು ವಿಧಾನಗಳು

ಅಮೆರಿಕದ ಪಶ್ಚಿಮದಲ್ಲಿ ಕುದುರೆಯನ್ನು ಪಳಗಿಸುವ ಹಳೆಯ ವಿಧಾನವು ಬಲಪ್ರಯೋಗದ್ದಾಗಿತ್ತು. ಕುದುರೆಯನ್ನು ಕಟ್ಟಿಹಾಕಿ, ಜೀನು ಬಿಗಿದು, ಅದು ಕುಪ್ಪಳಿಸಿ ದಣಿಯುವವರೆಗೆ ಬೆನ್ನ ಮೇಲೆ ಕುಳಿತಿರುವುದು ವಾಡಿಕೆ. ಇದನ್ನು ಇಂಗ್ಲಿಷಿನಲ್ಲಿ ಕುದುರೆಯನ್ನು 'ಮುರಿಯುವುದು' ಎಂದೇ ಕರೆಯುತ್ತಾರೆ.

ಇದಕ್ಕೆ ಬದಲಾಗಿ ಸೌಮ್ಯ ವಿಧಾನವನ್ನು ಪ್ರತಿಪಾದಿಸಿದವರೂ ಹಿಂದಿನಿಂದ ಇದ್ದಾರೆ. ಓಹಿಯೋದ ಜಾನ್ ಸಾಲೊಮನ್ ರೇರಿ (1827–1866) 1858ರಲ್ಲಿ ಇಂಗ್ಲೆಂಡಿನಲ್ಲಿ 'ಕ್ರೂಸರ್' ಎಂಬ ಅಪಾಯಕಾರಿ ಕುದುರೆಯನ್ನು ಪಳಗಿಸಿ ಹೆಸರಾದರು. ಇಪ್ಪತ್ತನೆಯ ಶತಮಾನದಲ್ಲಿ ಟಾಮ್ ಡಾರೆನ್ಸ್ (1910–2003), ರೇ ಹಂಟ್ (1929–2009) ಹಾಗೂ ಅವರ ಪರಂಪರೆಯ ಬಕ್ ಬ್ರಾನಮನ್ ಈ ವಿಧಾನವನ್ನು ಜನಪ್ರಿಯಗೊಳಿಸಿದರು. ನಿಕೊಲಸ್ ಇವಾನ್ಸ್ ಅವರ 'ದಿ ಹಾರ್ಸ್ ವಿಸ್ಪರರ್' (1995) ಕಾದಂಬರಿ ಮತ್ತು ರಾಬರ್ಟ್ ರೆಡ್‌ಫೋರ್ಡ್ ನಿರ್ದೇಶಿಸಿದ ಅದರ ಚಲನಚಿತ್ರ (1998) ಈ ವಿಧಾನವನ್ನು ಸಾಮಾನ್ಯ ಓದುಗರಿಗೆ ಪರಿಚಯಿಸಿದವು. ಅದು ಕ್ರೈಸ್ತ ಕಾದಂಬರಿಯಲ್ಲ.

ಸೌಮ್ಯ ವಿಧಾನದ ತಿರುಳು ಒತ್ತಡ ಮತ್ತು ಬಿಡುಗಡೆ. ಕುದುರೆಯು ಬೇಟೆಗೆ ಗುರಿಯಾಗುವ ಪ್ರಾಣಿ. ಭಯವಾದಾಗ ಓಡುವುದು ಅದರ ಸ್ವಭಾವ. ದುಂಡಗಿನ ಬೇಲಿಯೊಳಗೆ ಅದನ್ನು ಬಿಟ್ಟು, ತರಬೇತುದಾರನು ನಡುವೆ ನಿಂತು ತನ್ನ ಮೈಯ ಚಲನೆಯಿಂದ ಅದನ್ನು ಓಡಿಸುತ್ತಾನೆ. ಕುದುರೆಯು ಒಂದು ಕಿವಿಯನ್ನು ಅವನತ್ತ ತಿರುಗಿಸಿದಾಗ, ತಲೆ ತಗ್ಗಿಸಿದಾಗ, ಬಾಯಿ ಆಡಿಸಿದಾಗ ಅವನು ಒತ್ತಡವನ್ನು ಸಡಿಲಿಸಿ ಬೆನ್ನು ತಿರುಗಿಸುತ್ತಾನೆ. ಆಗ ಕುದುರೆ ತಾನಾಗಿಯೇ ಅವನ ಬಳಿಗೆ ನಡೆದು ಬರುತ್ತದೆ.

ರೂಪಕವಾಗಿ ಕುದುರೆ

ಕ್ರೈಸ್ತ ಕಾದಂಬರಿಕಾರರಿಗೆ ಈ ದೃಶ್ಯವು ದೇವರ ಕೃಪೆಯ ರೂಪಕವಾಗಿ ಒದಗಿದೆ. ಮನುಷ್ಯನು ತನ್ನ ಪ್ರಯತ್ನದಿಂದ ಗಳಿಸಲಾಗದ, ದೇವರು ಉಚಿತವಾಗಿ ನೀಡುವ ಪ್ರೀತಿಯನ್ನು ಕೃಪೆ ಎನ್ನುತ್ತಾರೆ. ಅದನ್ನು ಯಾರ ಮೇಲೂ ಹೇರಲಾಗದು, ಅದು ಕಾಯುತ್ತದೆ. ಹಿಂಸೆ ಅನುಭವಿಸಿದ ಕುದುರೆಯು ಮನುಷ್ಯನ ಕೈಯನ್ನು ಮತ್ತೆ ನಂಬುವುದು, ನೊಂದ ನಾಯಕಿ ಪ್ರೀತಿಯನ್ನು ಮತ್ತೆ ನಂಬುವುದು, ದೇವರಿಂದ ದೂರವಾದವನು ಮತ್ತೆ ಪ್ರಾರ್ಥಿಸುವುದು, ಈ ಮೂರನ್ನೂ ಒಂದೇ ಕ್ರಮದಲ್ಲಿ ಚಿತ್ರಿಸಲಾಗುತ್ತದೆ. ಮಾತಿಗೆ ಹಿಂಜರಿಯುವ ಕೌಬಾಯ್ ಮೊದಲು ಮನಸ್ಸು ಬಿಚ್ಚುವುದು ಕುದುರೆಯೊಡನೆ. ಅನಂತರವೇ ಹೆಣ್ಣಿನೊಡನೆ, ದೇವರೊಡನೆ.

ಈ ರೂಪಕಕ್ಕೆ ಮಿತಿಯೂ ಇದೆ. ಕುದುರೆಯ ವರ್ತನೆಯನ್ನು ಅಧ್ಯಯನ ಮಾಡಿದ ಕೆಲವು ವಿಜ್ಞಾನಿಗಳ ಪ್ರಕಾರ, ದುಂಡು ಬೇಲಿಯೊಳಗಿನ ಕುದುರೆಯು ನಂಬಿಕೆಯಿಂದ ಹತ್ತಿರ ಬರುವುದಕ್ಕಿಂತ, ಬೆನ್ನಟ್ಟುವಿಕೆ ನಿಲ್ಲುತ್ತದೆಂಬುದನ್ನು ಕಲಿತು ಹತ್ತಿರ ಬರುತ್ತದೆ.

ಬೈಬಲಿನಲ್ಲಿ ಕುದುರೆ

ಬೈಬಲಿನಲ್ಲಿ ಕುದುರೆಯು ಹೆಚ್ಚಾಗಿ ಯುದ್ಧದ ಮತ್ತು ರಾಜಬಲದ ಸಂಕೇತವಾಗಿದೆ. ಯೋಬನ ಗ್ರಂಥದ 39ನೆಯ ಅಧ್ಯಾಯದಲ್ಲಿ ಯುದ್ಧಾಶ್ವದ ವರ್ಣನೆ ಇದೆ. ಕುದುರೆ ಮತ್ತು ರಥಗಳ ಮೇಲೆ ಭರವಸೆ ಇಡುವುದನ್ನು 20ನೆಯ ಕೀರ್ತನೆ ಅಲ್ಲಗಳೆಯುತ್ತದೆ. ಕಡಿವಾಣವಿಲ್ಲದೆ ಹತ್ತಿರ ಬಾರದ ಕುದುರೆಯಂತೆ ಇರಬಾರದೆಂದು 32ನೆಯ ಕೀರ್ತನೆ ಬುದ್ಧಿ ಹೇಳುತ್ತದೆ. ಸಮಕಾಲೀನ ಕಾದಂಬರಿಯಲ್ಲಿ ಕುದುರೆಗೆ ದೊರೆತಿರುವ ಮೃದುವಾದ ಅರ್ಥವು ಬೈಬಲಿನಿಂದ ನೇರವಾಗಿ ಬಂದುದಲ್ಲ. ರ‍್ಯಾಂಚಿನ ಅನುಭವದಿಂದ ಸೇರಿಕೊಂಡುದು. ಕಥಾಮಾದರಿಗಳಿಗಾಗಿ ಈ ಲೇಖಕರು ರೂತಳು ಮತ್ತು ಬೋವಜನ ಕಥೆಯನ್ನೂ, ತನ್ನನ್ನು ಬಿಟ್ಟುಹೋದ ಹೆಂಡತಿಯನ್ನು ಮರಳಿ ಕರೆತರುವ ಪ್ರವಾದಿ ಹೋಶೇಯನ ಕಥೆಯನ್ನೂ ಆಶ್ರಯಿಸುತ್ತಾರೆ. ಫ್ರಾನ್ಸಿನ್ ರಿವರ್ಸ್ ಅವರ 'ರಿಡೀಮಿಂಗ್ ಲವ್' (1991) ಹೋಶೇಯನ ಕಥೆಯನ್ನು 1850ರ ದಶಕದ ಕ್ಯಾಲಿಫೋರ್ನಿಯಾಕ್ಕೆ ಅಳವಡಿಸಿದ ಪ್ರಸಿದ್ಧ ಕೃತಿ.

ಕೆಲವು ಸಮಕಾಲೀನ ಕೃತಿಗಳು

ಕ್ಯಾರೆನ್ ಕಿಂಗ್ಸ್‌ಬರಿ ಅವರ 'ಎ ಥೌಸಂಡ್ ಟುಮಾರೋಸ್' (2005) ರೋಡಿಯೋ ಕ್ರೀಡೆಯ ಹಿನ್ನೆಲೆಯ ಕಾದಂಬರಿ. ತಂದೆ ಮನೆ ಬಿಟ್ಟುಹೋದ ಕೋಪವನ್ನು ಎದೆಯಲ್ಲಿಟ್ಟುಕೊಂಡು ಗೂಳಿ ಸವಾರಿ ಮಾಡುವ ಕೋಡಿ ಗನ್ನರ್ ಇದರ ನಾಯಕ. ಪೀಪಾಯಿಗಳ ಸುತ್ತ ಕುದುರೆ ಓಡಿಸುವ ಸ್ಪರ್ಧೆಯಲ್ಲಿ ಹೆಸರಾದ ಆಲಿ ಡೇನಿಯಲ್ಸ್ ನಾಯಕಿ. ಆಕೆಗೆ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಶ್ವಾಸಕೋಶದ ಕಾಯಿಲೆ ಇದ್ದು, ಲಾಯದ ದೂಳು ಮತ್ತು ಒಣಹುಲ್ಲು ಆಕೆಯ ಉಸಿರಿಗೆ ಅಪಾಯಕಾರಿ. ತನಗೆ ಬದುಕಿನ ಅರ್ಥವನ್ನು ಕೊಟ್ಟ ಕುದುರೆಯೇ ಆಯುಸ್ಸನ್ನು ಕುಗ್ಗಿಸುತ್ತದೆಂದು ತಿಳಿದೂ ಆಕೆ ಸವಾರಿ ಬಿಡುವುದಿಲ್ಲ. ಸುಖಾಂತವನ್ನು ನಿರೀಕ್ಷಿಸುವ ಈ ಪ್ರಭೇದದಲ್ಲಿ ಮರಣವನ್ನು ನೇರವಾಗಿ ಎದುರಿಸುವ ಕೃತಿ ಇದು.

ಡೆನಿಸ್ ಹಂಟರ್ ಅವರ 'ಎ ಕೌಬಾಯ್ಸ್ ಟಚ್' (2011) ಮೊಂಟಾನಾದ ರ‍್ಯಾಂಚಿನಲ್ಲಿ ನಡೆಯುತ್ತದೆ. ಸತ್ಯವನ್ನು ಬಯಲಿಗೆಳೆಯುವುದನ್ನೇ ವೃತ್ತಿಯಾಗಿಸಿಕೊಂಡ ಪತ್ರಕರ್ತೆ ಅಬಿಗೇಲ್, ಒಂಟಿ ತಂದೆಯಾದ ವೇಡ್ ಎಂಬಾತನ ಮಗಳನ್ನು ನೋಡಿಕೊಳ್ಳಲು ಒಪ್ಪುತ್ತಾಳೆ. ಆತನು ಜನರ ಕಣ್ಣಿನಿಂದ ಮರೆಯಾದ ಖ್ಯಾತ ರೋಡಿಯೋ ಪಟುವೆಂದು ಆಕೆಗೆ ತಿಳಿದಾಗ, ಸತ್ಯಕ್ಕೂ ನಂಬಿಕೆಗೂ ನಡುವಣ ಇಕ್ಕಟ್ಟು ಉಂಟಾಗುತ್ತದೆ.

ಪ್ರಕಾಶನ ಮತ್ತು ಪ್ರಶಸ್ತಿಗಳು

ಬೆಥನಿ ಹೌಸ್, ಟಿಂಡೇಲ್ ಹೌಸ್, ಥಾಮಸ್ ನೆಲ್ಸನ್ ಮುಂತಾದ ಕ್ರೈಸ್ತ ಪ್ರಕಾಶನ ಸಂಸ್ಥೆಗಳು ಈ ಕಾದಂಬರಿಗಳನ್ನು ಹೊರತರುತ್ತವೆ. ಪ್ರಣಯ ಕಾದಂಬರಿಗಳ ದೊಡ್ಡ ಸಂಸ್ಥೆಯಾದ ಹಾರ್ಲೆಕ್ವಿನ್ 1997ರಲ್ಲಿ 'ಲವ್ ಇನ್‌ಸ್ಪೈರ್ಡ್' ಸರಣಿಯನ್ನು ಆರಂಭಿಸಿತು; ಕೌಬಾಯ್ ಮತ್ತು ರ‍್ಯಾಂಚ್ ಈ ಸರಣಿಯಲ್ಲಿ ಮತ್ತೆಮತ್ತೆ ಬರುವ ವಸ್ತುಗಳು. ಕ್ಯಾಥರೀನ್ ಮಾರ್ಷಲ್ ಅವರ 'ಕ್ರಿಸ್ಟಿ' (1967) ಕಾದಂಬರಿಯ ಹೆಸರನ್ನು ಹೊತ್ತ ಕ್ರಿಸ್ಟಿ ಪ್ರಶಸ್ತಿಯು 1999ರಲ್ಲಿ ಸ್ಥಾಪನೆಯಾಯಿತು. 2000ರಲ್ಲಿ ಕ್ರೈಸ್ತ ಪ್ರಣಯ ಕಾದಂಬರಿಕಾರರ ಬಳಗವಾಗಿ ಆರಂಭಗೊಂಡ 'ಅಮೆರಿಕನ್ ಕ್ರಿಶ್ಚಿಯನ್ ಫಿಕ್ಷನ್ ರೈಟರ್ಸ್' ಸಂಘಟನೆಯು ಕ್ಯಾರಲ್ ಪ್ರಶಸ್ತಿಯನ್ನು ನೀಡುತ್ತದೆ.

ಚಲನಚಿತ್ರ ಮತ್ತು ಕಿರುತೆರೆ

'ದಿ ಸ್ಕೈ ಪೈಲಟ್' ಕಾದಂಬರಿಯನ್ನು ಕಿಂಗ್ ವಿಡೋರ್ 1921ರಲ್ಲಿ ಮೂಕಿ ಚಿತ್ರವಾಗಿ ನಿರ್ದೇಶಿಸಿದರು. 'ಲವ್ ಕಮ್ಸ್ ಸಾಫ್ಟ್‌ಲಿ' 2003ರಲ್ಲಿ ಮೈಕೆಲ್ ಲ್ಯಾಂಡನ್ ಜೂನಿಯರ್ ನಿರ್ದೇಶನದಲ್ಲಿ ಹಾಲ್‌ಮಾರ್ಕ್ ವಾಹಿನಿಯಲ್ಲಿ ಪ್ರಸಾರವಾಯಿತು. ಓಕ್ ಅವರ ಕೃತಿಯನ್ನು ಆಧರಿಸಿದ 'ವೆನ್ ಕಾಲ್ಸ್ ದಿ ಹಾರ್ಟ್' ಧಾರಾವಾಹಿ 2014ರಲ್ಲಿ ಆರಂಭವಾಯಿತು. 2007ರಿಂದ ಕೆನಡಾದಲ್ಲಿ ಪ್ರಸಾರವಾಗುತ್ತಿರುವ 'ಹಾರ್ಟ್‌ಲ್ಯಾಂಡ್' ಧಾರಾವಾಹಿಯೂ ನೊಂದ ಕುದುರೆಗಳನ್ನು ಗುಣಪಡಿಸುವ ಆಲ್ಬರ್ಟಾದ ರ‍್ಯಾಂಚಿನ ಕಥೆಯಾಗಿದೆ. ಆದರೆ ಅದು ಧಾರ್ಮಿಕ ಪ್ರಕಾರಕ್ಕೆ ಸೇರುವುದಿಲ್ಲ.

ವಿಮರ್ಶೆ

ಸಾಹಿತ್ಯ ವಿಮರ್ಶೆಯು ಈ ಪ್ರಭೇದವನ್ನು ಬಹುಕಾಲ ಲಕ್ಷಿಸಲಿಲ್ಲ. ಸಿದ್ಧಮಾದರಿಯ ಕಥೆ, ಮೊದಲೇ ಊಹಿಸಬಹುದಾದ ಅಂತ್ಯ, ಬೋಧನೆಯ ಭಾರ ಇವು ಇದರ ಮೇಲಿನ ಸಾಮಾನ್ಯ ಆಕ್ಷೇಪಗಳು. ಲಿನ್ ಎಸ್. ನೀಲ್ ತಮ್ಮ 'ರೊಮ್ಯಾನ್ಸಿಂಗ್ ಗಾಡ್' (2006) ಅಧ್ಯಯನದಲ್ಲಿ ಓದುಗ ಮಹಿಳೆಯರನ್ನೇ ಸಂದರ್ಶಿಸಿ, ಈ ಕಾದಂಬರಿಗಳು ಅವರ ದೈನಂದಿನ ಶ್ರದ್ಧೆಯನ್ನು ಪೋಷಿಸುವ ಸಾಧನಗಳಾಗಿರುವುದನ್ನು ವಿವರಿಸಿದರು.

ಹೆಚ್ಚು ಗಂಭೀರವಾದ ಆಕ್ಷೇಪವು ನೆಲಕ್ಕೆ ಸಂಬಂಧಿಸಿದ್ದು. ಕಾದಂಬರಿಗಳಲ್ಲಿ ರ‍್ಯಾಂಚ್ ತಲೆಮಾರುಗಳಿಂದ ಬಂದ ಪಿತ್ರಾರ್ಜಿತ ಆಸ್ತಿ. ಅದನ್ನು ಉಳಿಸಿಕೊಳ್ಳುವುದೇ ಹಲವು ಕಥೆಗಳ ಗುರಿ. ಆದರೆ ಈ ಭೂಮಿ ಲಕೋಟ, ಕ್ರೋ, ನೆಜ್ ಪರ್ಸ್ ಮೊದಲಾದ ಮೂಲನಿವಾಸಿ ಜನಾಂಗಗಳದಾಗಿತ್ತು. ವಲಸಿಗರ ಕುಟುಂಬಗಳಿಗೆ 160 ಎಕರೆ ಜಮೀನು ನೀಡುವ ಹೋಮ್‌ಸ್ಟೆಡ್ ಕಾಯಿದೆ 1862ರಲ್ಲಿ ಅಂಗೀಕಾರವಾಯಿತು. 1887ರ ಡಾಸ್ ಕಾಯಿದೆಯು ಮೂಲನಿವಾಸಿಗಳ ಸಾಮುದಾಯಿಕ ಭೂಮಿಯನ್ನು ತುಂಡುಗಳಾಗಿ ಒಡೆಯಿತು. ಸ್ಪೇನಿನವರು ತಂದ ಕುದುರೆಯನ್ನು ತಮ್ಮದಾಗಿಸಿಕೊಂಡು ಶ್ರೇಷ್ಠ ಸವಾರರಾಗಿ ಬೆಳೆದ ಈ ಜನಾಂಗಗಳು ರ‍್ಯಾಂಚ್ ಕಾದಂಬರಿಗಳಲ್ಲಿ ಕಾಣಿಸಿಕೊಳ್ಳುವುದು ಅಪರೂಪ.

2021ರಲ್ಲಿ ಈ ಪ್ರಶ್ನೆ ಬಹಿರಂಗವಾಗಿ ಚರ್ಚೆಗೆ ಬಂದಿತು. 'ರೊಮ್ಯಾನ್ಸ್ ರೈಟರ್ಸ್ ಆಫ್ ಅಮೆರಿಕ' ಸಂಘಟನೆಯು ಧಾರ್ಮಿಕ ಅಂಶಗಳುಳ್ಳ ಪ್ರಣಯ ಕಾದಂಬರಿಯ ವಿಭಾಗದಲ್ಲಿ ಕ್ಯಾರೆನ್ ವಿಟ್‌ಮೆಯರ್ ಅವರ 'ಅಟ್ ಲವ್ಸ್ ಕಮಾಂಡ್' ಎಂಬ ಐತಿಹಾಸಿಕ ಕಾದಂಬರಿಗೆ ವಿವಿಯನ್ ಪ್ರಶಸ್ತಿಯನ್ನು ಘೋಷಿಸಿತು. ಇದರ ನಾಯಕನು 1890ರ ಡಿಸೆಂಬರ್ 29ರಂದು ವೂಂಡೆಡ್ ನೀ ಎಂಬಲ್ಲಿ ಲಕೋಟ ಜನರ ಹತ್ಯಾಕಾಂಡದಲ್ಲಿ ಪಾಲ್ಗೊಂಡ ಅಶ್ವದಳದ ಅಧಿಕಾರಿ. ಅನಂತರ ಪಶ್ಚಾತ್ತಾಪದಿಂದ ಹೊಸ ಬದುಕನ್ನು ಅರಸುತ್ತಾನೆ. ಹತ್ಯಾಕಾಂಡದಲ್ಲಿ ಪಾಲ್ಗೊಂಡವನನ್ನು ಪ್ರಣಯ ನಾಯಕನನ್ನಾಗಿ ಮಾಡಿದ್ದಕ್ಕೆ ವ್ಯಾಪಕ ವಿರೋಧ ವ್ಯಕ್ತವಾದುದರಿಂದ ಸಂಘಟನೆಯು ಆಗಸ್ಟ್ ತಿಂಗಳಿನಲ್ಲಿ ಪ್ರಶಸ್ತಿಯನ್ನು ಹಿಂತೆಗೆದುಕೊಂಡಿತು.

ಪಶ್ಚಾತ್ತಾಪಪಟ್ಟವನು ಎಂತಹ ಪಾಪಿಯಾದರೂ ಕ್ಷಮೆಗೆ ಅರ್ಹನೆಂಬುದು ಕ್ರೈಸ್ತ ಪ್ರಣಯ ಕಾದಂಬರಿಯ ಮೂಲ ನಂಬಿಕೆಯಾಗಿದ್ದು, ಕೃತಿಯ ಪರ ನಿಂತವರು ಇದನ್ನೇ ಮುಂದಿಟ್ಟರು. ವಿರೋಧಿಸಿದವರ ಆಕ್ಷೇಪ ಬೇರೆಯಾಗಿತ್ತು: ನಾಯಕನಿಗೆ ದೇವರ ಕ್ಷಮೆಯೂ ಪ್ರೇಯಸಿಯ ಕ್ಷಮೆಯೂ ದೊರೆಯುವ ಕಥೆಯಲ್ಲಿ, ಸತ್ತವರು ಮತ್ತು ಅವರ ವಂಶಸ್ಥರು ನಾಯಕನ ಪರಿವರ್ತನೆಗೆ ಹಿನ್ನೆಲೆಯಾಗಿಯಷ್ಟೇ ಉಳಿಯುತ್ತಾರೆ. ಯಾರಿಗೆ ಅನ್ಯಾಯವಾಗಿದೆಯೋ ಅವರು ಕಥೆಯೊಳಗೆ ಇಲ್ಲದಿರುವಾಗ ಕ್ಷಮೆ ಪೂರ್ಣವಾಗುತ್ತದೆಯೇ ಎಂಬ ಈ ಪ್ರಶ್ನೆಯು, ಅದೇ ನೆಲದ ಮೇಲೆ ನಡೆಯುವ ವರ್ತಮಾನ ಕಾಲದ ರ‍್ಯಾಂಚ್ ಕಥೆಗಳಿಗೂ ಅನ್ವಯಿಸುತ್ತದೆ.